ಕಾಳಿಯಿಂದ ಗಂಗಾವಳಿಗೆ: ಎರಡು ದಿನ, ಎರಡು ಊಟ

ಬಯಲುಸೀಮೆಯಿಂದ ಬರುವ ಪ್ರವಾಸಿಗಳು ಕಾರವಾರದಲ್ಲಿ ಇಳಿಯುವುದು ಸಾಮಾನ್ಯವಾಗಿ ಎರಡೇ ಕೆಲಸಕ್ಕೆ. ಒಂದು, ಟ್ಯಾಗೋರ್ ಕಡಲತೀರದಲ್ಲಿ ಫೋಟೊ, ಇನ್ನೊಂದು, ಮೀನೂಟ. ಎರಡನ್ನೂ ಎರಡು ತಾಸಿನಲ್ಲಿ ಮುಗಿಸಿ ಗೋವಾದ ಹಾದಿ ಹಿಡಿಯುತ್ತಾರೆ. ಮಾಜಾಳಿ ದಾಟಿದರೆ ಗೋವಾ, ಅಲ್ಲಿ ಮದ್ಯ ಅಗ್ಗ. ಮರಳುವಾಗ ಅದೇ ಮಾಜಾಳಿಯಲ್ಲಿ ಅಬಕಾರಿ ಸಿಬ್ಬಂದಿ ಚೀಲ ಬಿಚ್ಚಿಸಿದಾಗಲೇ ಅನೇಕರಿಗೆ ತಾವಿನ್ನೂ ಕರ್ನಾಟಕದಲ್ಲಿದ್ದೇವೆ ಎಂಬುದು ನೆನಪಾಗುವುದು.

ಒಂದು ದಿನ ಕಾರವಾರದಲ್ಲಿ, ಇನ್ನೊಂದು ದಿನ ಅಲ್ಲಿಂದ ದಕ್ಷಿಣಕ್ಕೆ ಸುಮಾರು 35 ಕಿ.ಮೀ. ದೂರದ ಅಂಕೋಲೆಯಲ್ಲಿ ನಿಂತು ನೋಡಿ ಎಂದು ನಾನು ಹೇಳುವುದು ಕಡಲಿನ ಚೆಲುವಿಗಾಗಿಯಷ್ಟೇ ಅಲ್ಲ. ಈ 35 ಕಿ.ಮೀ.ಗಳಲ್ಲಿ ಮಾತು ಕೊಂಕಣಿಯಿಂದ ಕನ್ನಡಕ್ಕೆ ಹೊರಳುತ್ತದೆ, ಅದರೊಂದಿಗೆ ಸಾರಿನ ಹದವೂ ಬದಲಾಗುತ್ತದೆ. ತಟ್ಟೆಯಲ್ಲಿ ಏನು ಬೀಳುತ್ತದೆ ಎಂಬುದು ಯಾವ ತೀರ ಯಾರ ಕೈಯಲ್ಲಿ ಉಳಿದಿದೆ ಎಂಬುದರ ಮೇಲೆ ನಿಂತಿದೆ. ಫೋಟೊದಲ್ಲಿ ಇದು ಸಿಗುವುದಿಲ್ಲ.

ತೀರಕ್ಕೆ ಬೆಳಿಗ್ಗೆಯೇ ಹೋಗಬೇಕು. 1883ರಲ್ಲಿ ರವೀಂದ್ರನಾಥ ಟ್ಯಾಗೋರರು ಇಲ್ಲಿಗೆ ಬಂದಾಗ ಅವರಿಗೆ ಇಪ್ಪತ್ತೆರಡು ವರ್ಷ. ಐಸಿಎಸ್‌ಗೆ ಸೇರಿದ ಮೊದಲ ಭಾರತೀಯರಾದ ಅವರ ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಅರ್ಧಚಂದ್ರಾಕಾರದ ತೀರ, ಗಾಳಿಮರದ ತೋಪು, ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋದದ್ದು, ಇವೆಲ್ಲ ಕವಿಯ ಆತ್ಮಕಥನದಲ್ಲಿವೆ. 'ಪ್ರಕೃತಿರ್ ಪ್ರತಿಶೋಧ್' ನಾಟಕವನ್ನು ಅವರು ಬರೆದದ್ದೂ ಇಲ್ಲೇ. ಮರಳಿನ ಮೇಲೆ ಈಗ ಐಎನ್‌ಎಸ್ ಚಪಲ್ ಎಂಬ ಕ್ಷಿಪಣಿ ದೋಣಿ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಅದು 1971ರ ಯುದ್ಧದಲ್ಲಿ ಕಾದಾಡಿದ ನೌಕೆಯೆಂದು ನೋಡಲು ಬಂದವರು ಪರಸ್ಪರ ಹೇಳಿಕೊಳ್ಳುವುದುಂಟು. ಅದು ನೌಕಾಪಡೆ ಸೇರಿದ್ದೇ 1976ರಲ್ಲಿ. ಮಕ್ಕಳಿಗಂತೂ ಇಷ್ಟವಾಗುತ್ತದೆ.

ಬಲೆ ಎಳೆಯುವುದು ಕಂಡರೆ ಮಾತ್ರ ಬೇರೆಲ್ಲ ಬಿಟ್ಟು ನಿಲ್ಲಿ. ಹಿಂದೆ ಇಡೀ ಕರಾವಳಿಯಲ್ಲಿ ರಂಪಣಿ ಎಂಬ ಭಾರಿ ಬಲೆಯಿತ್ತು. ದೋಣಿಯಲ್ಲಿ ಒಯ್ದು ಕಡಲಲ್ಲಿ ಅರ್ಧವೃತ್ತಾಕಾರವಾಗಿ ಬಿಟ್ಟು, ಎರಡೂ ತುದಿಗಳನ್ನು ದಡದಿಂದ ಹತ್ತಾರು ಜನ ಎಳೆಯುತ್ತಿದ್ದರು. ಬಂಗಡೆಯ ಸುಗ್ಗಿಯೆಂದರೆ ಅದೇ. ಎಳೆದವರಿಗೆಲ್ಲ ಪಾಲು ಸಿಗುತ್ತಿತ್ತು. 1970ರ ದಶಕದ ಕೊನೆಯಲ್ಲಿ ಯಂತ್ರದೋಣಿಗಳ ಪರ್ಸೀನ್ ಬಲೆ ಬಂದು, ದಡಕ್ಕೆ ಬರುವ ಮೊದಲೇ ಮೀನಿನ ಹಿಂಡನ್ನು ಸುತ್ತುವರಿದು ಎತ್ತತೊಡಗಿತು. ರಂಪಣಿಯ ಕಾಲ ಅಲ್ಲಿಗೆ ಮುಗಿಯಿತು. ಈಗ ದಡದಿಂದ ಎಳೆಯುವುದು ಅದಕ್ಕಿಂತ ಚಿಕ್ಕ ಬಲೆಗಳನ್ನು. ಇಂಥ ಬಲೆಗೆ ದೊಡ್ಡ ಬಂದರು ಬೇಡ, ತಡೆಯಿಲ್ಲದ ಮರಳದಂಡೆಯೊಂದಿದ್ದರೆ ಸಾಕು.

ಕಾರವಾರದಲ್ಲಿ ಕಡಿಮೆಯಾಗುತ್ತ ಬಂದಿರುವುದು ಅದೇ. 1986ರ ಅಕ್ಟೋಬರಿನಲ್ಲಿ ಪ್ರಧಾನಿ ರಾಜೀವ ಗಾಂಧಿ 'ಸೀಬರ್ಡ್' ನೌಕಾನೆಲೆಗೆ ಅಡಿಗಲ್ಲು ಹಾಕಿದರು. 2005ರ ಮೇ ತಿಂಗಳಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ಬಿಣಗಾ, ಅರಗಾ ಮೊದಲಾದ ಊರುಗಳ ತೀರ ನೆಲೆಯ ಒಳಗೆ ಹೋಯಿತು. ಕಾರವಾರ ಮತ್ತು ಅಂಕೋಲಾ ತಾಲೂಕುಗಳ ಸಾವಿರಾರು ಕುಟುಂಬಗಳು ಮನೆ ಬಿಟ್ಟವು. ದೇಶದ ರಕ್ಷಣೆಗೆ ಇದು ಬೇಕು ಎಂಬುದನ್ನು ಎದ್ದವರೂ ಒಪ್ಪುತ್ತಾರೆ. ಆದರೆ ಪರಿಹಾರದ ಮಾತು ಬಂದರೆ ಅವರ ದನಿ ಬೇರೆಯಾಗುತ್ತದೆ. ಹೀಗಿರುವಾಗ ವಾಣಿಜ್ಯ ಬಂದರಿನ ವಿಸ್ತರಣೆ ಟ್ಯಾಗೋರ್ ತೀರದತ್ತ ಬಂದಾಗ, 2020ರ ಜನವರಿಯಲ್ಲಿ ಮೀನುಗಾರರು ಬೀದಿಗಿಳಿದರು, ಪೇಟೆಯೂ ಬಾಗಿಲು ಹಾಕಿತು. ಹೊರಗಿನವರಿಗೆ ಅದು ಕವಿಯ ಹೆಸರಿನ ತೀರ. ಅವರಿಗೆ ಅದು ದೋಣಿ ಎಳೆದಿಡುವ ಜಾಗ.

ಮಧ್ಯಾಹ್ನ ಊಟಕ್ಕೆ ದೊಡ್ಡ ನಾಮಫಲಕ ಹುಡುಕುವ ಅಗತ್ಯವಿಲ್ಲ. ಪೇಟೆಯ ಒಳಗಿನ ಖಾನಾವಳಿಗಳಲ್ಲಿ ಒಂದು ಗಂಟೆಯ ಹೊತ್ತಿಗೆ ಜನ ಕಾದು ನಿಂತಿರುವುದೇ ಗುರುತು. ಕುಚ್ಚಲಕ್ಕಿ ಅನ್ನ, ತೆಂಗು ಮೆಣಸು ಅರೆದ ಮೀನಿನ ಹುಮಣ, ರವೆ ಹಚ್ಚಿ ಹುರಿದ ಬಂಗಡೆಯೋ ನೊಗ್ಲಿಯೋ, ತಿಸ್ರೆಯ ಸುಕ್ಕೆ, ಒಣ ಸಿಗಡಿಯ ಕಿಸ್ಮೂರು, ಕೊನೆಗೆ ಸೋಲ್‌ಕಡಿ. ಕಿಸೆ ತುಂಬಿದ್ದರೆ ಇಸ್ವಾಣ, ಮಂಗಳೂರಿನವರು ಅಂಜಲ್ ಎನ್ನುವ ಮೀನು. ಬಂಗಡೆಯ ಸಾರಿನಲ್ಲಿ ಹಲ್ಲಿಗೆ ಸಿಕ್ಕಿ ನಾಲಿಗೆ ಜುಮ್ಮೆನ್ನಿಸುವ ಕರಿಯ ಸಿಪ್ಪೆಯೇ ಟೆಪ್ಪಳ, ಅಂದರೆ ನಮ್ಮ ಜುಮ್ಮನಕಾಯಿ. ಎಣ್ಣೆಯಂಶ ಹೆಚ್ಚಿರುವ ಮೀನಿನ ವಾಸನೆಯನ್ನು ಅದು ಮುರಿಯುತ್ತದೆ. ಸೋಲ್‌ಕಡಿಯ ಕೆಂಪು ಬರುವುದು ಮುರುಗಲ ಸಿಪ್ಪೆಯಿಂದ. ತೆಂಗಿನ ಹಾಲು ಬೆರೆತರೆ ತಿಳಿಗುಲಾಬಿ. ಖಾರದೂಟದ ನಂತರ ಇದಕ್ಕಿಂತ ತಂಪು ಪಾನೀಯ ನನಗಂತೂ ಗೊತ್ತಿಲ್ಲ.

ಈ ತಟ್ಟೆಯಲ್ಲಿ ಒಂದು ತಮಾಷೆಯಿದೆ. 1638ರಲ್ಲಿ ಇಂಗ್ಲಿಷರು ಕಾರವಾರದಲ್ಲಿ ಕೋಠಿ ತೆರೆದದ್ದು ಘಟ್ಟದಿಂದ ಇಳಿದುಬರುತ್ತಿದ್ದ ಕರಿಮೆಣಸು ಮತ್ತು ಬಟ್ಟೆಗಾಗಿ. ಕಾಳಿಯ ಉತ್ತರ ದಂಡೆಯಲ್ಲಿ ಸೋದೆಯ ಅರಸರು ಕಟ್ಟಿದ ಸದಾಶಿವಗಡವನ್ನು ಪೋರ್ಚುಗೀಸರು 1752ರಲ್ಲಿ ಹಿಡಿದ ಮೇಲೆ ಇಂಗ್ಲಿಷರು ಗಂಟುಮೂಟೆ ಕಟ್ಟಿದರು. ಅವರು ಬಯಸಿ ಬಂದ ಕರಿಮೆಣಸು ಇಂದು ಹುಮಣದಲ್ಲಿ ಅಷ್ಟಾಗಿ ಕಾಣದು. ಸಾರು ಕೆಂಪಾಗಿರುವುದು ಪೋರ್ಚುಗೀಸರು ಅಮೆರಿಕದಿಂದ ತಂದ ಒಣಮೆಣಸಿನಿಂದ. ಗೇರುಹಣ್ಣೂ ಅವರದೇ ಕೊಡುಗೆ. ಗಡಿಯಾಚೆಯ ಫೆನ್ನಿಗೆ ಮೂಲ ಅದು. ತೀರದಿಂದ ಕಾಣುವ ಅಂಜುದೀವ್ ದ್ವೀಪಕ್ಕೂ ಇಂಗ್ಲಿಷರ ಕಥೆಯೊಂದು ಅಂಟಿಕೊಂಡಿದೆ. ಮುಂಬಯಿಯನ್ನು ವಶಕ್ಕೆ ಪಡೆಯಲು ಬಂದ ಇಂಗ್ಲಿಷ್ ದಂಡನ್ನು ಪೋರ್ಚುಗೀಸರು ಒಳಗೆ ಬಿಡದಿದ್ದಾಗ, ಅದು ಬೀಡುಬಿಟ್ಟದ್ದು ಇಲ್ಲಿ. ದಂಡನಾಯಕ ಅಬ್ರಹಾಂ ಶಿಪ್‌ಮನ್ 1664ರಲ್ಲಿ ಇಲ್ಲೇ ಸತ್ತ, ಸೈನಿಕರಲ್ಲಿ ಹೆಚ್ಚಿನವರೂ ಮಣ್ಣಾದರು. ದ್ವೀಪ ಈಗ ನೌಕಾಪಡೆಯದು, ಪ್ರವಾಸಿಗರಿಗೆ ಪ್ರವೇಶವಿಲ್ಲ.

ಸಂಜೆಗೆ ಸದಾಶಿವಗಡ ಹತ್ತಿ. ಅಳಿವೆ, ದೇವಬಾಗದ ಗಾಳಿಮರಗಳು, ದೂರದ ಕೂರ್ಮಗಡ ಎಲ್ಲ ಒಂದೇ ನೋಟದಲ್ಲಿ ಸಿಗುತ್ತವೆ. ಕೂರ್ಮಗಡದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ 2019ರ ಜನವರಿ 21ರಂದು ಮಗುಚಿ 16 ಜನ ತೀರಿಕೊಂಡರು. ಜೀವರಕ್ಷಕ ಅಂಗಿ ಕೊಡದ ದೋಣಿಯನ್ನು ಯಾರು ಕರೆದರೂ ಹತ್ತಬೇಡಿ. ಕೆಳಗಿನ ಹಳೆಯ ಕಾಳಿ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದುಬಿತ್ತು. ಅದರೊಂದಿಗೆ ನದಿಗೆ ಬಿದ್ದ ಲಾರಿಯ ಚಾಲಕ ಬದುಕುಳಿದ.

ಮರುದಿನ ಅಂಕೋಲೆ. ಹೆದ್ದಾರಿ ಬಹುದೂರ ನೌಕಾನೆಲೆಯ ಪಕ್ಕದಲ್ಲೇ ಸಾಗುತ್ತದೆ. ಪೇಟೆಯಲ್ಲಿ ಇಳಿದ ಕೂಡಲೇ ಸಂತೆಯ ಸಾಲು ನೋಡಿ. ಕೊರಳು ತುಂಬ ಮಣಿಸರ ಹಾಕಿದ ಹಾಲಕ್ಕಿ ಹೆಂಗಸರು ತಮ್ಮ ಹಿತ್ತಲಿನ ಸೊಪ್ಪು, ತರಕಾರಿ ಹರಡಿಕೊಂಡು ಕೂತಿರುತ್ತಾರೆ. ನೂರಾರು ಹಾಡುಗಳನ್ನು ಕಂಠದಲ್ಲಿಟ್ಟುಕೊಂಡಿದ್ದ ಬಡಗೇರಿಯ ಸುಕ್ರಿ ಬೊಮ್ಮಗೌಡರು ಇದೇ ಸಮುದಾಯದವರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಸಾರಾಯಿ ವಿರುದ್ಧದ ಹೋರಾಟದಲ್ಲೂ ಮುಂದೆ ನಿಂತಿದ್ದವರು ಅವರು. ಗೋವಾದ ಬಾಟಲಿ ಚೀಲದಲ್ಲಿಟ್ಟುಕೊಂಡು ಈ ದಾರಿಯಲ್ಲಿ ಹೋಗುವವರು ಇದನ್ನೂ ತಿಳಿದಿರಲಿ.

ಇಲ್ಲಿಯ ಊಟವೆಂದರೆ ಕೋಳಿ ಆಸಿ. ಹುರಿದ ಮಸಾಲೆಯ ಗಟ್ಟಿ ಸಾರಿಗೆ ವಡೆಯೋ, ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಕೊಟ್ಟೆ ರೊಟ್ಟಿಯೋ ಜೊತೆ. ಇದು ಗದ್ದೆ ಬಯಲಿನ ಮನೆಗಳ ಅಡುಗೆ. ಹೋಟೆಲಿಗಿಂತ ಪರಿಚಯದವರ ಮನೆಯಲ್ಲೇ ಚೆನ್ನ. ಮೇ ತಿಂಗಳಾದರೆ ಕರಿ ಈಶಾಡ ಕೇಳಿ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಈ ಮಾವಿನ ಸಿಪ್ಪೆ ತೆಳು, ತಿರುಳು ಹೆಚ್ಚು, ಹೆಚ್ಚು ದಿನ ಬಾಳದು. ಆದ್ದರಿಂದಲೇ ಬೆಂಗಳೂರಿನಲ್ಲಿ ಸಿಗುವುದು ಅಪರೂಪ. ಮೀನಿಗಾಗಿ ಬರುವವರು ಮಾತ್ರ ಜೂನ್, ಜುಲೈ ಬಿಟ್ಟು ಬನ್ನಿ. ಆ 61 ದಿನ ಯಂತ್ರದೋಣಿಗಳಿಗೆ ನಿಷೇಧ. ಆಗ ಸಿಗುವುದು ಹೊಳೆಮೀನು ಮತ್ತು ಉಪ್ಪು ಹಾಕಿ ಒಣಗಿಸಿದ ಮೀನು.

ಉಪ್ಪೆಂದರೆ ಅಂಕೋಲೆಗೆ ಬೇರೆ ಅರ್ಥವೂ ಇದೆ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಇಲ್ಲಿ ಕಾಯಿದೆ ಮುರಿದು ಉಪ್ಪು ತಯಾರಿಸಲಾಯಿತು. ಮುಂದೆ ಕರನಿರಾಕರಣೆಗೆ ಇಳಿದ ರೈತರು ಹೊಲ, ಮನೆ ಕಳೆದುಕೊಂಡರು. ಊರಿಗೆ 'ಕರ್ನಾಟಕದ ಬಾರ್ಡೋಲಿ' ಎಂಬ ಹೆಸರು ಬಂತು.

ಸಮಯವಿದ್ದರೆ ಗಂಗಾವಳಿಯವರೆಗೆ ಹೋಗಿ. ಹೊಳೆಯ ಪಕ್ಕದ ಶಿರೂರಿನಲ್ಲಿ ಗುಡ್ಡದ ಬುಡಕ್ಕೊಂದು ಚಹಾದಂಗಡಿಯಿತ್ತು, ಲಾರಿಯವರೆಲ್ಲ ನಿಲ್ಲುತ್ತಿದ್ದ ಜಾಗ. 2024ರ ಜುಲೈ 16ರ ಬೆಳಿಗ್ಗೆ ಹೆದ್ದಾರಿಗಾಗಿ ಕಡಿದಿದ್ದ ಗುಡ್ಡ ಜರಿದು ಅಂಗಡಿಯನ್ನೂ, ಅದನ್ನು ನಡೆಸುತ್ತಿದ್ದ ಕುಟುಂಬವನ್ನೂ, ಚಹಾಕ್ಕೆ ನಿಂತವರನ್ನೂ ಹೊಳೆಗೆ ನೂಕಿತು. ಕೇರಳದ ಲಾರಿಯೊಂದನ್ನು ನೀರಿನಿಂದ ಎತ್ತುವಾಗ ಸೆಪ್ಟೆಂಬರ್ ಮುಗಿಯುತ್ತ ಬಂದಿತ್ತು. ಮಳೆಗಾಲದಲ್ಲಿ ಈ ದಾರಿಯಲ್ಲಿ ಬಸ್ಸು ಹತ್ತಿದರೆ, ಶಿರೂರು ಬಂದಾಗ ಮಾತಾಡುತ್ತಿದ್ದವರೂ ಸುಮ್ಮನಾಗಿ ಎಡಗಡೆ, ಬಲಗಡೆ ನೋಡುತ್ತಾರೆ.