ಕೊಬ್ಬರಿಗೆ ವರ್ಷ ಬೇಕು, ಗಿರಾಕಿಯನ್ನು ಕೇಳುವುದಕ್ಕೆ ಬೇಡ

ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು ತೆಂಗಿನೆಣ್ಣೆ, ಚಿಪ್ಸ್ ಮಾಡಲು ಹೊರಟವರು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಈಗ ಸಾಕಷ್ಟು ಜನ ಸಿಗುತ್ತಾರೆ. ಅವರ ಮುಂದೆ ಲೀನ್, ಆಜೈಲ್ ಎಂಬ ಕೆಲಸದ ಪದ್ಧತಿಗಳ ಹೆಸರೆತ್ತಿದರೆ ಸಿದ್ಧ ಉತ್ತರವೊಂದು ಬರುತ್ತದೆ: 'ಅವೆಲ್ಲ ಹದಿನೈದು ದಿನಕ್ಕೊಂದು ಆವೃತ್ತಿ ಬಿಡೋ ಸಾಫ್ಟ್‌ವೇರ್‌ನವರಿಗೆ ಸ್ವಾಮಿ. ನಮ್ಮ ಕಾಯಿ ಅಟ್ಟದ ಮೇಲೆ ವರ್ಷ ಕೂರಬೇಕು.' ಓದಿದವರೇ, ಆಜೈಲ್ ತಂಡಗಳಲ್ಲಿ ದುಡಿದು ಬಂದವರೇ ಹೀಗೆನ್ನುವುದು ನನ್ನ ತಾಳ್ಮೆ ಕೆಡಿಸುತ್ತದೆ.

ಕಾಯಿಯ ವಿಷಯ ನಿಜ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಸದ್ದು ಬರುವ ಉಂಡೆ ಕೊಬ್ಬರಿಯಾಗಲು ಎಂಟರಿಂದ ಹನ್ನೆರಡು ತಿಂಗಳು ಹಿಡಿಯುತ್ತದೆ. ಅದನ್ನು ಎರಡು ವಾರಕ್ಕೆ ಇಳಿಸಿ ಎಂದು ಯಾರೂ ಹೇಳಿಲ್ಲ. ಆಜೈಲ್ ಕಡಿಮೆ ಮಾಡುವುದು ಬೇರೊಂದು ಅವಧಿಯನ್ನು: ನಾವು ಊಹಿಸಿದ್ದು ತಪ್ಪೆಂದು ನಮಗೆ ಗೊತ್ತಾಗಲು ಹಿಡಿಯುವ ಕಾಲವನ್ನು. ಕಾಯಿ ಒಣಗಲು ವರ್ಷ ಬೇಕಾದ ಕಡೆ ತಪ್ಪು ಊಹೆಯ ಬೆಲೆಯೂ ಒಂದು ವರ್ಷ. ಹಾಗಾಗಿ ಈ ವಿದ್ಯೆ ಸಾಫ್ಟ್‌ವೇರ್‌ನವರಿಗಿಂತ ತೆಂಗಿನವರಿಗೇ ಹೆಚ್ಚು ಬೇಕು.

ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ. ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗೆಂದು ಕೇಂದ್ರ ಸರ್ಕಾರ 2020ರಲ್ಲಿ ತಂದ ಯೋಜನೆಯಲ್ಲಿ ತುಮಕೂರು ಜಿಲ್ಲೆಗೆ ಗುರುತಿಸಿದ ಉತ್ಪನ್ನ ತೆಂಗು. ಯೋಜನಾ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಅದರಲ್ಲಿ ನಿಗದಿಯಾಗಿತ್ತು. ವರದಿ ಬರೆಸುತ್ತಾರೆ, ಸಾಲ ಮಾಡುತ್ತಾರೆ, ಶೆಡ್ ಏಳುತ್ತದೆ, ಯಂತ್ರ ಬರುತ್ತದೆ, ಬಾಟಲಿಗೆ ಲೇಬಲ್ ಅಂಟುತ್ತದೆ. ಗಿರಾಕಿಯನ್ನು ಹುಡುಕುವುದು ಇಷ್ಟೆಲ್ಲ ಆದ ಮೇಲೆ. ಅಲ್ಲಿಯವರೆಗೆ ಆ ಎಣ್ಣೆಯ ರುಚಿ ನೋಡಿ ಮೆಚ್ಚಿದವರೆಲ್ಲ ನೆಂಟರು. ಸಹಾಯಧನದಿಂದ ಯಂತ್ರ ಅಗ್ಗವಾಗುತ್ತದೆ, ಕೊಳ್ಳುವವರು ಹುಟ್ಟುವುದಿಲ್ಲ.

ವರ್ಜಿನ್ ಎಣ್ಣೆಯನ್ನೇ ತೆಗೆದುಕೊಳ್ಳಿ. ಅದು ಒಣ ಕೊಬ್ಬರಿಯಿಂದ ಬರುವುದಿಲ್ಲ, ಹಸಿ ಕಾಯಿಯಿಂದಲೇ ಬರಬೇಕು. ಅದಕ್ಕಾಗಿ ಇವತ್ತು ಒಡೆದ ಕಾಯಿ ಮುಂದಿನ ವರ್ಷದ ಕೊಬ್ಬರಿ ಹರಾಜಿಗೆ ಇರುವುದಿಲ್ಲ. ಆ ಹರಾಜಿನ ದರವೋ ನಿಂತಲ್ಲಿ ನಿಲ್ಲುವುದಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದಾಗ ತಿಪಟೂರು ಮಾರುಕಟ್ಟೆಯ ದರ ಅದಕ್ಕಿಂತ ಎಷ್ಟೋ ಕೆಳಗಿತ್ತು. 2025ರ ಮಧ್ಯಭಾಗಕ್ಕೆ ದರ 20,000 ದಾಟಿತು. 2023ರ ದರ ನಂಬಿ ಬರೆಸಿದ ಎಣ್ಣೆ ಘಟಕದ ಲೆಕ್ಕ 2025ರಲ್ಲಿ ಉಳಿಯುವುದು ಸಾಧ್ಯವೇ ಇರಲಿಲ್ಲ. ಯೋಜನೆಗೆ ಜೋತುಬೀಳುವುದಕ್ಕಿಂತ ಬದಲಾವಣೆಗೆ ಸ್ಪಂದಿಸುವುದು ಮುಖ್ಯ ಎಂದು 2001ರಲ್ಲಿ ಅಮೆರಿಕದ ಯೂಟಾದಲ್ಲಿ ಸೇರಿದ 17 ಮಂದಿ ಆಜೈಲ್‌ನ ಪ್ರಣಾಳಿಕೆಯಲ್ಲಿ ಬರೆದಿಟ್ಟರು. ಅವರು ಸಾಫ್ಟ್‌ವೇರ್‌ನವರು, ಒಪ್ಪೋಣ. ಆದರೆ ಲೀನ್‌ನ ಬೇರು ಇರುವುದು ಕಾರು ತಯಾರಿಕೆಯಲ್ಲಿ, ಜಪಾನಿನ ಟೊಯೊಟಾದಲ್ಲಿ ತೈಚಿ ಓನೊ ರೂಪಿಸಿದ ಪದ್ಧತಿಯಲ್ಲಿ. ಅದೇ ಟೊಯೊಟಾದ ಕಾರುಗಳು 1999ರಿಂದ ನಮ್ಮ ಬಿಡದಿಯಲ್ಲೇ ತಯಾರಾಗುತ್ತಿವೆ.

ಹಾಗಾದರೆ ಮಾಡಬೇಕಾದ್ದೇನು? ಮನಸ್ಸಿನಲ್ಲಿರುವ ಊಹೆಗಳನ್ನೆಲ್ಲ ಕಾಗದದ ಮೇಲೆ ಇಳಿಸಿ, ಸುಳ್ಳಾದರೆ ಇಡೀ ಉದ್ದಿಮೆ ಮುಳುಗಿಸುವಂಥದ್ದನ್ನು ಮೊದಲು ಪರೀಕ್ಷೆಗೆ ಎತ್ತಿಕೊಳ್ಳಬೇಕು. ಚಿಪ್ಸ್ ಮಾಡುವವರಿಗೆ ಯಂತ್ರ ನಡೆಸುವುದು ಅಂಥ ಸವಾಲಲ್ಲ. ಈ ಬೆಲೆಗೆ ಅಪರಿಚಿತರು ಮತ್ತೆ ಮತ್ತೆ ಕೊಳ್ಳುತ್ತಾರೆಯೇ ಎಂಬುದು ಸವಾಲು. ಆಹಾರ ಸುರಕ್ಷತಾ ನೋಂದಣಿ ಮಾಡಿಸಿಕೊಂಡು ಮನೆಯಲ್ಲೇ ಸ್ವಲ್ಪ ತಯಾರಿಸಿ, ಇಲ್ಲವೇ ಇರುವ ಘಟಕವೊಂದಕ್ಕೆ ಕೂಲಿ ಕೊಟ್ಟು ಮಾಡಿಸಿ, ಎರಡು ಅಂಗಡಿಗೆ ಹಾಕಿ. ಎಷ್ಟು ಹೋಗದಿದ್ದರೆ ಕೈಬಿಡುತ್ತೀರಿ ಎಂಬುದನ್ನು ಸರಕು ಇಡುವ ಮುಂಚೆಯೇ ಬರೆದಿಡಿ. ಆಮೇಲೆ ಬರೆದರೆ ಮನಸ್ಸು ತನಗೆ ಬೇಕಾದ ಅಂಕಿ ಬರೆಯುತ್ತದೆ. ರುಚಿ, ಪೊಟ್ಟಣ, ಬೆಲೆ ಮೂರನ್ನೂ ಒಟ್ಟಿಗೆ ಬದಲಿಸಬೇಡಿ, ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಪೊಟ್ಟಣ ಆರು ತಿಂಗಳು ಗರಿಗರಿಯಾಗಿ ಉಳಿಯುತ್ತದೆಯೇ ಎಂದು ನೋಡಲು ಆರು ತಿಂಗಳೇ ಬೇಕು. ಹೀಗೆ ಅವಸರ ಮಾಡಲಾಗದ ಪರೀಕ್ಷೆಗಳನ್ನು ಮೊದಲ ದಿನವೇ ಶುರು ಮಾಡಿಬಿಡಬೇಕು.

ಅಟ್ಟದ ಬಗ್ಗೆ ಇನ್ನೊಂದು ಗೊಂದಲವಿದೆ. ಲೀನ್‌ನಲ್ಲಿ ದಾಸ್ತಾನೆಂದರೆ ನಷ್ಟ, ಆದ್ದರಿಂದ ಅಟ್ಟವೇ ನಷ್ಟ ಎಂದು ಕೆಲವರು ಪಾಠ ಹೇಳುತ್ತಾರೆ. ಓನೊ ನಷ್ಟ ಎಂದದ್ದು ಸರಕಿಗೆ ಮೌಲ್ಯ ಸೇರಿಸದ ಕಾಯುವಿಕೆಯನ್ನು. ಒಣಗುತ್ತಿರುವ ಕಾಯಿ ಪ್ರತಿ ತಿಂಗಳೂ ಕೊಬ್ಬರಿಯಾಗುತ್ತಿರುತ್ತದೆ, ಅದು ತಯಾರಿಕೆಯ ಭಾಗ. ಉಂಡೆ ಕೊಬ್ಬರಿಯಾದ ಮೇಲೂ ದರ ಏರೀತೆಂದು ಇಲಿ, ಹುಳು, ಬೂಷ್ಟಿನ ಜೊತೆ ಕೂಡಿಟ್ಟರೆ ಅದು ದಾಸ್ತಾನು. ರೈತ ದರಕ್ಕಾಗಿ ಕಾಯುವುದನ್ನು ನಾನು ತಪ್ಪೆನ್ನುವುದಿಲ್ಲ, ಆದರೆ ಅದಕ್ಕೆ ತಗಲುವ ಖರ್ಚನ್ನು ಬೇರೆಯಾಗಿ ಲೆಕ್ಕವಿಡಲಿ.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಆಜೈಲ್‌ನಲ್ಲಿ ಯೋಜನೆಯೇ ಇರುವುದಿಲ್ಲ ಎನ್ನುವುದು ಸುಳ್ಳು, ಅಲ್ಲಿ ಪದೇ ಪದೇ ಯೋಜಿಸುತ್ತಾರೆ. ಲೀನ್ ಎಂದರೆ ಆಳು ಕಡಿತ ಎನ್ನುವುದೂ ಸುಳ್ಳು. ಎರಡು ದಿನದ ಶಿಬಿರದ ಪ್ರಮಾಣಪತ್ರ ಯಾರನ್ನೂ ಪ್ರಾಡಕ್ಟ್ ಮ್ಯಾನೇಜರ್ ಮಾಡುವುದಿಲ್ಲ.

ನನ್ನ ಬೇಸರ ಇದಕ್ಕಿಂತ ದೊಡ್ಡದು. ಕೊಬ್ಬರಿಯ ಬಣ್ಣ, ಗಾತ್ರ ನೋಡಿ ಕ್ವಿಂಟಲ್‌ಗೆ ನೂರು ರೂಪಾಯಿಗೂ ವಾದಿಸುವ ಜನ ನಾವು. ಅದೇ ನಾವು 'ಮನೆಯಲ್ಲೇ ಕೂತು ತಿಂಗಳಿಗೆ ಲಕ್ಷ' ಎನ್ನುವ ಯಂತ್ರ ಮಾರಾಟದ ವಿಡಿಯೊವನ್ನು ಒಂದು ಪ್ರಶ್ನೆಯೂ ಇಲ್ಲದೆ ನಂಬುತ್ತೇವೆ. ಯಂತ್ರ ಮಾರುವವನ ವ್ಯವಹಾರ ಯಂತ್ರ ಮಾರಿದ ದಿನವೇ ಮುಗಿಯುತ್ತದೆ, ನಮ್ಮ ಸಾಲ ಅಂದು ಶುರುವಾಗುತ್ತದೆ. ಈ ಯಂತ್ರ ಕೊಂಡವರು ಮೂರು ವರ್ಷದ ಮೇಲೂ ಓಡಿಸುತ್ತಿದ್ದಾರೆಯೇ, ಅವರ ಮನೆಗೆ ಕರೆದುಕೊಂಡು ಹೋಗಿ ಎಂದು ಕೇಳಲು ನಮಗೇನು ಸಂಕೋಚ?

ಘಟಕ ಹಾಕಬೇಕೆಂದಿರುವವರಲ್ಲಿ ನನ್ನ ಕೋರಿಕೆ ಇಷ್ಟೇ. ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಬ್ಯಾಂಕಿನಲ್ಲೂ ವಿಚಾರಿಸಿ. ಸಾಲಕ್ಕೆ ಸಹಿ ಹಾಕುವ ಮುಂಚೆ, ನಿಮ್ಮ ಪರಿಚಯವೇ ಇಲ್ಲದ ಇಪ್ಪತ್ತು ಜನ ಪೂರ್ತಿ ದುಡ್ಡು ಕೊಟ್ಟು ಎರಡನೇ ಸಲ ಕೊಂಡರೇ ಎಂದು ನೋಡಿ. ಕೊಂಡಿಲ್ಲವಾದರೆ ಯಂತ್ರಕ್ಕೆ ಮುಂಗಡ ಕೊಡಬೇಡಿ.