ಡಬ್ಬಿಯ ಹಿಂಬದಿಯ ಎರಡಕ್ಷರ

ಹೊಸದುರ್ಗ ತಾಲ್ಲೂಕಿನ ಮತ್ತೋಡು ಸೀಮೆಯಲ್ಲಿ ರಾಗಿ ಹೊಲದ ಅಕ್ಕಡಿ ಸಾಲಿಗೆ ಹರಳು ಹಾಕುವುದು ಹಳೆಯ ರೂಢಿ. ಬೀಜ ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ ತೆಗೆದ ಎಣ್ಣೆ ನೆತ್ತಿಗೂ ಆಗುತ್ತಿತ್ತು, ದೀಪಕ್ಕೂ ಆಗುತ್ತಿತ್ತು. ಮಿಕ್ಕಿದ್ದಕ್ಕೆ ಸುಟ್ಟ ಹುಲ್ಲಿನ ಕರಿ ಕಲಸಿದರೆ ಕೀಲೆಣ್ಣೆ. ಅದನ್ನು ತುಂಬಿದ ಬಿದಿರಿನ ಗೊಟ್ಟವೊಂದು ಗಾಡಿಯ ಅಡಿಯಲ್ಲಿ ತೂಗುತ್ತಿತ್ತು. ದೂರದ ಸಂತೆಗೆ ಹೊರಡುವ ಮುನ್ನ ಕಡಾಣಿ ಕಿತ್ತು, ಗಾಲಿ ಸರಿಸಿ, ಅಚ್ಚಿಗೆ ಬಳಿಯುತ್ತಿದ್ದರು. 1801ರಲ್ಲಿ ಇತ್ತ ಬಂದ ಪ್ರವಾಸಿ ಫ್ರಾನ್ಸಿಸ್ ಬುಕಾನನ್ ಮತ್ತೋಡಿನ ಗಾಜಿನ ಕುಲುಮೆಗಳನ್ನೂ ಬಳೆಗಾಜಿನ ಬಣ್ಣಗಳನ್ನೂ ಬರೆದಿಟ್ಟ. ಕೀಲೆಣ್ಣೆ ಹಾಗೆ ಕಣ್ಣಿಗೆ ಬೀಳುವ ವಸ್ತುವಲ್ಲ; ಅದು ಇಲ್ಲದಾಗ ಮಾತ್ರ ಗಾಲಿ ಕಿರುಗುಟ್ಟಿ ನೆನಪಿಸುತ್ತದೆ.

ಈಗ ಅದೇ ದಾರಿಯಲ್ಲಿ ಟರ್ಬೊ ಪೆಟ್ರೋಲ್ ಕಾರುಗಳು ಓಡುತ್ತಿವೆ. ಹೊಸದುರ್ಗದಲ್ಲಾಗಲಿ ಹಿರಿಯೂರಿನಲ್ಲಾಗಲಿ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಬಂದವರು ಕೇಳುವುದು ಒಂದೇ: ‘ಸಿಂಥೆಟಿಕ್ ಕೊಡಿ.’ ಆ ಒಂದು ಮಾತು ಸಾಲದು. ಡಬ್ಬಿ ತಿರುಗಿಸಿ ನೋಡಬೇಕಾದ ‘ಎಸ್‌ಪಿ’ ಎಂಬ ಎರಡಕ್ಷರ ಅಲ್ಲಿಗೆ ಬಂದ ಕಥೆ ಶುರುವಾಗುವುದು ಇದೇ ಹರಳಿನಿಂದ.

ಚಾರ್ಲ್ಸ್ ವೇಕ್‌ಫೀಲ್ಡ್ ಎಂಬ ಇಂಗ್ಲೆಂಡಿನ ವ್ಯಾಪಾರಿ 1909ರಲ್ಲಿ ತನ್ನ ಮೋಟಾರು ಎಣ್ಣೆಗೆ ‘ಕ್ಯಾಸ್ಟ್ರಾಲ್’ ಎಂದು ಹೆಸರಿಟ್ಟ. ಅದರಲ್ಲಿ ಬೆರೆತಿದ್ದ ಕ್ಯಾಸ್ಟರ್, ಅಂದರೆ ಹರಳೆಣ್ಣೆಯಿಂದಲೇ ಆ ಹೆಸರು. ಮೊದಲ ಮಹಾಯುದ್ಧದ ವಿಮಾನಗಳ ರೋಟರಿ ಎಂಜಿನ್‌ಗಳು ಹರಳೆಣ್ಣೆಯನ್ನೇ ನಂಬಿದ್ದವು. ಅದು ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಕಾದ ಲೋಹವನ್ನು ಬಿಡದೆ ಹಿಡಿಯುತ್ತದೆ. ಹರಳೆಣ್ಣೆಯ ಕೊಬ್ಬಿನಾಮ್ಲದಲ್ಲಿ ಸುಮಾರು ಶೇ 85ರಿಂದ 90 ಭಾಗ ರಿಸಿನೋಲಿಕ್ ಆಮ್ಲ. ಇಂಥ ಅಂಟುಗುಣ ಅಡುಗೆ ಎಣ್ಣೆಗಳಿಗಿಲ್ಲ. ಎಂಜಿನ್ ಹೊರಗೆ ಉಗುಳಿದ ಎಣ್ಣೆಯ ಹನಿಗಳನ್ನು ಉಸಿರಾಡಿ, ನುಂಗಿ ಪೈಲಟ್‌ಗಳು ಭೇದಿಯಿಂದ ನರಳಿದರು. ಹರಳೆಣ್ಣೆ ಕುಡಿಸಿದರೆ ಏನಾಗುತ್ತದೆಂದು ನಮ್ಮ ಅಜ್ಜಿಯರಿಗೆ ಗೊತ್ತಿದ್ದ ಸಂಗತಿ ಅದು.

ಹರಳೆಣ್ಣೆಯ ಕೊರತೆಯೂ ಬೇಗ ತಿಳಿಯಿತು. ಬಿಸಿಯಲ್ಲಿ ಬಹಳ ಹೊತ್ತು ಇದ್ದರೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಗೋಂದಾಗಿ ಕೂರುತ್ತದೆ. ಕಾರುಗಳು ನೆಲದಾಳದ ಖನಿಜ ಎಣ್ಣೆಗೆ ತಿರುಗಿದವು. ಆದರೆ ಹರಳು ಬೇರೊಂದು ವೇಷದಲ್ಲಿ ಮರಳಿತು. ಹರಳೆಣ್ಣೆಯನ್ನು ಕ್ಷಾರದ ಜತೆ ಕಾಯಿಸಿದರೆ ಸಿಬ್ಯಾಸಿಕ್ ಆಮ್ಲ ಸಿಗುತ್ತದೆ. ಅದಕ್ಕೆ ಆಲ್ಕೋಹಾಲ್ ಸೇರಿಸಿದರೆ ಎಸ್ಟರ್ ಎಂಬ ಕೃತಕ ಎಣ್ಣೆ. ಮೊದಲ ತಲೆಮಾರಿನ ಜೆಟ್ ಎಂಜಿನ್‌ಗಳ ಎಣ್ಣೆಗಳಿಗೆ ಇಂಥ ಎಸ್ಟರೇ ಆಧಾರವಾಯಿತು. ಹೀಗೆ, ಸಿಂಥೆಟಿಕ್ ಎಂದರೆ ಬರೀ ಪೆಟ್ರೋಲಿಯಂ ಕಾರ್ಖಾನೆಯ ಕೂಸಲ್ಲ. ಅದರ ಒಂದು ಬೇರು ಒಣಭೂಮಿಯ ಬೆಳೆಯೊಂದರಲ್ಲಿದೆ.

ಇನ್ನೊಂದು ಬೇರು ಪಾಲಿ ಆಲ್ಫಾ ಓಲಿಫಿನ್, ಚಿಕ್ಕದಾಗಿ ಪಿಎಒ. ಎಥಿಲೀನ್ ಅನಿಲದ ಅಣುಗಳನ್ನು ಸರಪಣಿಯಂತೆ ಜೋಡಿಸಿ ಮಾಡುವ ಈ ಎಣ್ಣೆಯಲ್ಲಿ ಅಣುಗಳೆಲ್ಲ ಹೆಚ್ಚುಕಡಿಮೆ ಒಂದೇ ಅಳತೆ. ಅದಕ್ಕೇ ಕಾದಾಗ ಬೇಗ ಆವಿಯಾಗದು, ಚಳಿಯಲ್ಲಿ ಹೆಪ್ಪುಗಟ್ಟದು. 1974ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಮೊಬಿಲ್ 1 ಇದನ್ನು ಸಾಮಾನ್ಯ ಕಾರಿನವರೆಗೆ ತಂದಿತು. ಒಂದು ತೊಡಕೆಂದರೆ ಬರೀ ಪಿಎಒ ರಬ್ಬರ್ ಸೀಲುಗಳನ್ನು ಕುಗ್ಗಿಸುತ್ತದೆ, ರಾಸಾಯನಿಕ ಸೇರ್ಪಡೆಗಳನ್ನು ಸರಿಯಾಗಿ ಕರಗಿಸಿಕೊಳ್ಳುವುದಿಲ್ಲ. ಅದಕ್ಕಾಗಿ ಒಂದಿಷ್ಟು ಎಸ್ಟರ್ ಬೆರೆಸುವುದು ವಾಡಿಕೆ.

ಆಮೇಲೆ ಬಂದದ್ದು ಹೆಸರಿನ ಜಗಳ. ಕಚ್ಚಾ ತೈಲದ ಎಣ್ಣೆಯನ್ನೇ ಹೆಚ್ಚಿನ ಒತ್ತಡದಲ್ಲಿ ಹೈಡ್ರೋಜನ್ ಹಾಯಿಸಿ ಶುದ್ಧಮಾಡಿದರೆ ಅದು ‘ಗ್ರೂಪ್ 3’ ಎಣ್ಣೆ. ಕ್ಯಾಸ್ಟ್ರಾಲ್ ಅದನ್ನು ಸಿಂಥೆಟಿಕ್ ಎಂದು ಮಾರಬಹುದೇ ಎಂದು ಅಮೆರಿಕದಲ್ಲಿ ಮೊಬಿಲ್ ತಕರಾರು ತೆಗೆಯಿತು. ಜಾಹೀರಾತು ವ್ಯಾಜ್ಯಗಳನ್ನು ನೋಡುವ ಅಲ್ಲಿನ ಸ್ವಯಂನಿಯಂತ್ರಣ ಸಂಸ್ಥೆ 1999ರಲ್ಲಿ ಕ್ಯಾಸ್ಟ್ರಾಲ್ ಪರವಾಗಿ ನಿರ್ಣಯಿಸಿತು. ಅಲ್ಲಿಂದಾಚೆ ‘ಫುಲ್ಲಿ ಸಿಂಥೆಟಿಕ್’ ಎಂಬ ಮಾತಿನಿಂದ ಒಳಗೆ ಯಾವ ಎಣ್ಣೆ ಇದೆ ಎಂದು ಗೊತ್ತಾಗುವುದಿಲ್ಲ. ಗ್ರೂಪ್ 3 ಕಳಪೆಯೇನಲ್ಲ. ಆದರೆ ಮುಂಬದಿಯ ದಪ್ಪಕ್ಷರವನ್ನೇ ನೋಡಿ ದುಡ್ಡು ಕೊಡುವವರಿಗೆ ಈ ಇತಿಹಾಸ ತಿಳಿದಿರುವುದು ಒಳ್ಳೆಯದು.

ಎಣ್ಣೆಯ ಕಥೆ ಇಷ್ಟು; ಇನ್ನು ಅದನ್ನು ಸುರಿಯುವ ಎಂಜಿನ್. ಟರ್ಬೊ ಹೊಸದೇನಲ್ಲ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಅದಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ. ಸಿಲಿಂಡರಿನೊಳಕ್ಕೇ ನೇರವಾಗಿ ಪೆಟ್ರೋಲ್ ಚಿಮ್ಮಿಸುವ (ಜಿಡಿಐ) ಕಾರು, ಮರ್ಸಿಡಿಸ್ 300 ಎಸ್‌ಎಲ್, 1954ರದು. ಇವೆರಡೂ ಒಂದೇ ಎಂಜಿನ್ನಿನಲ್ಲಿ ಸೇರಿ ನಮ್ಮ ಮಧ್ಯಮ ವರ್ಗದ ಅಂಗಳಕ್ಕೆ ಬಂದದ್ದು ತೀರಾ ಈಚೆಗೆ: 2013ರಲ್ಲಿ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಮತ್ತು ಫೋರ್ಡ್ ಎಕೊಸ್ಪೋರ್ಟ್, 2019ರಲ್ಲಿ ಹ್ಯುಂಡೈ ವೆನ್ಯೂ. ಅದೇ ವರ್ಷ ಆಗಸ್ಟಿನಲ್ಲಿ ಬಿಡುಗಡೆಯಾದ ಕಿಯಾ ಸೆಲ್ಟೋಸ್ ತಯಾರಾದದ್ದು ಚಿತ್ರದುರ್ಗಕ್ಕೆ ದೂರವೇನಲ್ಲದ ಪೆನುಕೊಂಡದಲ್ಲಿ.

ಚಿಕ್ಕ ಎಂಜಿನ್, ದೊಡ್ಡ ಕೆಲಸ. ಟರ್ಬೊ ಚಕ್ರದ ದಂಡ ನಿಮಿಷಕ್ಕೆ 1.5 ಲಕ್ಷ ಸುತ್ತನ್ನೂ ಮೀರಿ ತಿರುಗಬಲ್ಲದು. ಅದಕ್ಕೂ ಬೇರಿಂಗಿಗೂ ನಡುವೆ ಇರುವುದು ಎಣ್ಣೆಯ ತೆಳುಪದರ ಮಾತ್ರ. ಹೆದ್ದಾರಿಯಲ್ಲಿ ಜೋರಾಗಿ ಓಡಿಸಿ ಬಂದು ತಟ್ಟನೆ ಎಂಜಿನ್ ಆರಿಸಿದರೆ ಆ ಎಣ್ಣೆ ನಿಂತಲ್ಲೇ ಬೆಂದು ಕರಕಲಾಗುತ್ತದೆ. ಢಾಬಾ ಮುಂದೆ ಗಾಡಿ ನಿಲ್ಲಿಸಿ ಒಂದೆರಡು ನಿಮಿಷ ಐಡಲಿನಲ್ಲಿ ಬಿಡಿ ಎಂದು ಹಳೆಯ ಮೆಕ್ಯಾನಿಕ್‌ಗಳು ಹೇಳುವುದು ಇದಕ್ಕೇ.

ಎಂಜಿನಿಯರುಗಳನ್ನು ನಿಜವಾಗಿ ಕಂಗೆಡಿಸಿದ್ದು ಬೇರೆ ಕಾಯಿಲೆ. ಕಾರಿನ ತುಂಬ ಜನ, ಮುಂದೆ ಲೋಡ್ ಲಾರಿ, ಎಂಜಿನ್ ಸುಮಾರು 1,500–2,500 ಸುತ್ತಿನಲ್ಲಿದೆ. ಗೇರ್ ಇಳಿಸದೆ ಆಕ್ಸಿಲರೇಟರ್ ಒತ್ತಿ ಓವರ್‌ಟೇಕ್ ಮಾಡಲು ಹೊರಟಾಗ, ಪಿಸ್ಟನ್ನಿನ ಮೇಲಂಚಿನ ಸಂದಿಯಲ್ಲಿ ಪೆಟ್ರೋಲ್ ಬೆರೆತು ನಿಂತಿದ್ದ ಎಣ್ಣೆಯ ಹನಿ ಸಿಡಿದು, ಸ್ಪಾರ್ಕ್ ಪ್ಲಗ್ ಕಿಡಿ ಕೊಡುವ ಮೊದಲೇ ಹೊತ್ತಿಕೊಳ್ಳುತ್ತದೆ. ಮೇಲೇರುತ್ತಿರುವ ಪಿಸ್ಟನ್ನಿಗೆ ಸುತ್ತಿಗೆಯ ಏಟು. ಒಂದೇ ಏಟಿಗೆ ಪಿಸ್ಟನ್ ಬಿರಿದ ಉದಾಹರಣೆಗಳೂ ಇವೆ. ಇದನ್ನು ಎಲ್‌ಎಸ್‌ಪಿಐ ಎನ್ನುತ್ತಾರೆ: ಕಡಿಮೆ ವೇಗದ ಅಕಾಲ ಉರಿ.

ಹುಡುಕುತ್ತಾ ಹೋದಾಗ ಸಿಕ್ಕಿದ್ದು ಬೆರಗಿನ ಉತ್ತರ. ಎಂಜಿನ್ನಿನ ಕೊಳೆ ತೊಳೆಯಲೆಂದು ದಶಕಗಳಿಂದ ಎಣ್ಣೆಗೆ ಸೇರಿಸುತ್ತಿದ್ದ ಕ್ಯಾಲ್ಸಿಯಂ ಮೂಲದ ಡಿಟರ್ಜೆಂಟೇ ಈ ಉರಿಗೆ ಕುಮ್ಮಕ್ಕು ಕೊಡುತ್ತಿತ್ತು. ಅದನ್ನು ತಗ್ಗಿಸಿ ಮೆಗ್ನೀಸಿಯಂ ಸೇರಿಸಿದರೆ ಏಟು ಬಹುಮಟ್ಟಿಗೆ ನಿಲ್ಲುತ್ತಿತ್ತು. ಅಂದರೆ ಎಷ್ಟೇ ದುಬಾರಿಯ ಪಿಎಒ ಆಗಲಿ, ಹಳೆಯ ಡಿಟರ್ಜೆಂಟ್ ಹೆಚ್ಚಿದ್ದರೆ ಅಪಾಯ ತಪ್ಪಿದ್ದಲ್ಲ. ಫೋರ್ಡ್‌ನ ಎರಡು ಲೀಟರ್ ಟರ್ಬೊ ಎಂಜಿನ್ನನ್ನೇ ಪರೀಕ್ಷೆಯ ಒರೆಗಲ್ಲಾಗಿಸಿ, ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ (ಎಪಿಐ) 2018ರ ಮೇ ತಿಂಗಳಲ್ಲಿ ‘ಎಸ್‌ಎನ್ ಪ್ಲಸ್’ ದರ್ಜೆಯನ್ನೂ 2020ರ ಮೇ 1ರಿಂದ ‘ಎಸ್‌ಪಿ’ಯನ್ನೂ ಜಾರಿಗೆ ತಂದಿತು. ಎಸ್‌ಪಿಗೆ ಟೈಮಿಂಗ್ ಚೈನಿನ ಸವೆತದ ಪರೀಕ್ಷೆಯೂ ಸೇರಿತು.

ಆದ್ದರಿಂದ ಟರ್ಬೊ ಜಿಡಿಐ ಕಾರಿನವರು ಮೊದಲು ತೆರೆಯಬೇಕಾದ್ದು ಕೈಪಿಡಿಯನ್ನು. ಕಂಪನಿ ತನ್ನದೇ ಸಂಕೇತ ಕೊಟ್ಟಿದ್ದರೆ ಅದು ಡಬ್ಬಿಯ ಮೇಲಿರಬೇಕು; ಬರೀ ಎಪಿಐ ದರ್ಜೆ ಕೇಳಿದ್ದರೆ ಎಸ್‌ಪಿ ಅಥವಾ ಅದರ ನಂತರದ್ದು. 0ಡಬ್ಲ್ಯು-20, 5ಡಬ್ಲ್ಯು-30 ಎಂಬುದರಲ್ಲಿ ಡಬ್ಲ್ಯು ಅಂದರೆ ಚಳಿಗಾಲ. ಹಿಮ ಬೀಳದ ಹೊಸದುರ್ಗದಲ್ಲಿ ಡಬ್ಲ್ಯುಗೆ ಮೊದಲಿರುವ ಅಂಕೆಗೆ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಅದರ ನಂತರದ ಅಂಕೆ ಮಾತ್ರ ಕಾದ ಎಣ್ಣೆಯ ಮಂದ ಹೇಳುವಂಥದ್ದು; ಅದು ಕೈಪಿಡಿಯಂತೆಯೇ ಇರಲಿ. ಬಿಎಸ್-6 ಡೀಸೆಲ್ ಗಾಡಿಯವರ ಚಿಂತೆ ಬೇರೆ: ಅಲ್ಲಿ ಹೊಗೆಯ ಫಿಲ್ಟರ್ ಕಟ್ಟಿಕೊಳ್ಳದಂತೆ ಬೂದಿ ಕಡಿಮೆ ಬಿಡುವ ಎಣ್ಣೆ ಬೇಕು.

ಹಾಲಿನ ಡೇರಿಗೆ, ಶಾಲೆಗೆ ಎಂದು ದಿನವೂ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ಎಂಜಿನ್ ಪೂರ್ತಿ ಕಾಯುವುದೇ ಇಲ್ಲ. ಉರಿಯದೆ ಉಳಿದ ಪೆಟ್ರೋಲ್ ಎಣ್ಣೆಗಿಳಿದು ಅದನ್ನು ನೀರಾಗಿಸುತ್ತದೆ. ಗೇಜು ಕಡ್ಡಿ ಎಳೆದು ಮೂಸಿದಾಗ ಪೆಟ್ರೋಲ್ ವಾಸನೆ ಹೊಡೆದರೆ, ಮಟ್ಟ ಇಳಿಯುವ ಬದಲು ಏರಿದ್ದರೆ, ಎಣ್ಣೆ ಬದಲಿಸಲು ಕಿಲೋಮೀಟರ್ ತುಂಬುವವರೆಗೆ ಕಾಯಬಾರದು. ಮಣ್ಣು ರಸ್ತೆಯ ದೂಳಿನಲ್ಲಿ ಓಡುವ ಗಾಡಿಗೂ ಬೇಗ ಬದಲಿಸುವುದೇ ಕ್ಷೇಮ.

ಬದಲಿಸಿದ ಮೇಲೆ ಉಳಿಯುವ ಕರಿ ಆಯಿಲ್? ಹಳ್ಳಿಗಳಲ್ಲಿ ಅದನ್ನು ಗೆದ್ದಲು ಹಿಡಿಯದಂತೆ ಬೇಲಿ ಗೂಟಗಳಿಗೆ ಬಳಿಯುತ್ತಾರೆ, ಕೀಲೆಣ್ಣೆಯ ಬದಲಿಗೆ ಗಾಡಿಯ ಅಚ್ಚಿಗೂ ಹಾಕುತ್ತಾರೆ. ಹರಳೆಣ್ಣೆ ಸೋರಿದರೆ ಮಣ್ಣು ಅದನ್ನು ಅರಗಿಸಿಕೊಳ್ಳುತ್ತದೆ. ಕರಿ ಆಯಿಲಿನಲ್ಲಿ ಸವೆದ ಲೋಹವೂ ಸುಟ್ಟ ರಾಸಾಯನಿಕವೂ ಇರುವುದರಿಂದ ಕಾನೂನು ಇದನ್ನು ಅಪಾಯಕಾರಿ ತ್ಯಾಜ್ಯವೆಂದೇ ಗುರುತಿಸಿದೆ. 2024ರ ಏಪ್ರಿಲ್ 1ರಿಂದ, ಹಳೆ ಎಣ್ಣೆಯ ಮರುಬಳಕೆಯ ಹೊಣೆ ಎಣ್ಣೆ ತಯಾರಕರ ಮೇಲೂ ಬಿದ್ದಿದೆ. ಗ್ಯಾರೇಜಿನಲ್ಲಿ ಆಯಿಲ್ ಬದಲಿಸಿದವರು ಹಳೆಯದನ್ನು ಕ್ಯಾನಿನಲ್ಲಿ ಮನೆಗೆ ಒಯ್ಯದೆ ಅಲ್ಲಿನ ಡ್ರಮ್ಮಿಗೇ ಸುರಿಸಿದರೆ, ಪರವಾನಗಿ ಪಡೆದ ಶುದ್ಧೀಕರಣ ಘಟಕದಲ್ಲಿ ಅದರಿಂದ ಮತ್ತೆ ಮೂಲ ಎಣ್ಣೆ ತೆಗೆಯಬಹುದು.