‘ಹೀಗಿದ್ದರೆ ಹಾಗೆ’: ಸರ್ವರ್ ನಿರ್ವಹಣೆಯಲ್ಲಿ ಷರತ್ತುಗಳು

ಒಂದೆರಡು ಸರ್ವರುಗಳನ್ನು ಕೈಯಾರೆ ಸಜ್ಜುಗೊಳಿಸಬಹುದು. ನಾನು ವಾಸಿಸುವ ಹರ್ನ್‌ಡನ್ ಪಟ್ಟಣದ ನೆರೆಯಲ್ಲಿ, ಆಶ್‌ಬರ್ನ್‌ನ ಡೇಟಾ ಸೆಂಟರುಗಳಲ್ಲಿರುವಷ್ಟು ಸರ್ವರುಗಳನ್ನು ಹಾಗೆ ನೋಡಿಕೊಳ್ಳುವುದು ಅಸಾಧ್ಯ. ಈ ಅಗತ್ಯದಿಂದ ಹುಟ್ಟಿದ್ದು ಸಂರಚನಾ ನಿರ್ವಹಣೆ, ಎಂದರೆ ಕಾನ್ಫಿಗರೇಷನ್ ಮ್ಯಾನೇಜ್‌ಮೆಂಟ್. 1993ರಲ್ಲಿ ಆಸ್ಲೋ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಬರ್ಜೆಸ್ ಆರಂಭಿಸಿದ ಸಿಎಫ್‌ಎಂಜಿನ್ ಈ ಸಾಧನಗಳಲ್ಲಿ ಹಿರಿಯದು. 2005ರ ಪಪೆಟ್, 2012ರ ಆನ್ಸಿಬಲ್ ಅನಂತರ ಬಂದವು. ಉತ್ತರ ಕೆರೊಲೈನಾದ ಡರ್ಹಮ್‌ನಲ್ಲಿ ಬೆಳೆದ ಆನ್ಸಿಬಲ್ಲನ್ನು 2015ರಲ್ಲಿ ನೆರೆಯ ರಾಲಿ ನಗರದ ರೆಡ್ ಹ್ಯಾಟ್ ಸಂಸ್ಥೆ ಕೊಂಡುಕೊಂಡಿತು.

ಯಂತ್ರವು ಕೊನೆಗೆ ಯಾವ ಸ್ಥಿತಿಯಲ್ಲಿರಬೇಕು ಎಂಬುದನ್ನು ಬರೆದಿಡುವುದೇ ಈ ಸಾಧನಗಳ ಮೂಲತತ್ತ್ವ. ಆದರೆ ಎಲ್ಲ ಯಂತ್ರಗಳೂ ಒಂದೇ ಬಗೆಯವಲ್ಲ. ಅಪಾಚೆ ವೆಬ್ ಸರ್ವರಿನ ಪ್ಯಾಕೇಜಿಗೆ ಡೆಬಿಯನ್ ಮತ್ತು ಉಬುಂಟುಗಳಲ್ಲಿ ‘ಅಪಾಚೆ2’ ಎಂದು ಹೆಸರು. ರೆಡ್ ಹ್ಯಾಟ್ ಬಳಗದಲ್ಲಿ ‘ಎಚ್‌ಟಿಟಿಪಿಡಿ’. ಆನ್ಸಿಬಲ್ ಮೊದಲು ಪ್ರತಿ ಯಂತ್ರದ ವಿವರಗಳನ್ನು, ಅದರ ಪರಿಭಾಷೆಯಲ್ಲಿ ‘ಫ್ಯಾಕ್ಟ್’ಗಳನ್ನು, ಸಂಗ್ರಹಿಸುತ್ತದೆ. ಬಳಿಕ ‘ವೆನ್’ ಎಂಬ ಷರತ್ತನ್ನು ಅವುಗಳೊಡನೆ ಹೋಲಿಸಿ, ಕೆಲಸವನ್ನು ಮಾಡಬೇಕೋ ಬಿಡಬೇಕೋ ಎಂದು ನಿರ್ಧರಿಸುತ್ತದೆ.

ಇಲ್ಲಿ ಮೂರು ಅಪಾಯಗಳಿವೆ. ಮೊದಲನೆಯದು, ಎರಡೂ ಬಳಗಗಳಿಗೆ ಸೇರದ ಸೂಸೆಯಂಥ ಯಂತ್ರ ಬಂದಾಗ ಎರಡೂ ಷರತ್ತುಗಳು ಸುಳ್ಳಾಗುತ್ತವೆ. ಆಗ ಕೆಲಸ ‘ವಿಫಲ’ವಾಯಿತೆಂದು ವರದಿಯಾಗುವುದಿಲ್ಲ, ‘ಬಿಟ್ಟುಹೋಯಿತು’ ಎಂದಷ್ಟೇ ದಾಖಲಾಗುತ್ತದೆ. ಬಿಟ್ಟುಹೋದದ್ದು ಫೈರ್‌ವಾಲ್ ನಿಯಮವಾಗಿದ್ದರೆ ಯಂತ್ರ ಅರಕ್ಷಿತವಾಗಿಯೇ ಉಳಿಯುತ್ತದೆ. ಎರಡನೆಯದು, ಆಜ್ಞೆಯೊಡನೆ ‘ಫಾಲ್ಸ್’ ಎಂದು ಕೊಟ್ಟ ಮೌಲ್ಯ ಸತ್ಯಾಸತ್ಯ ಮೌಲ್ಯವಾಗಿರದೆ ಬರಿಯ ಅಕ್ಷರಮಾಲೆಯಾಗಿರಬಹುದು. ಆದ್ದರಿಂದ ‘ಬೂಲ್’ ಶೋಧಕದ ಮೂಲಕ ಪರಿವರ್ತಿಸುವುದು ಕ್ಷೇಮ. ಮೂರನೆಯದು, ಕಾಲ. ಫ್ಯಾಕ್ಟ್‌ಗಳು ಆರಂಭದಲ್ಲಿ ಒಮ್ಮೆ ಸಂಗ್ರಹವಾದವು. ನಡುವೆ ಯಂತ್ರ ಬದಲಾದರೂ ಷರತ್ತು ಹಳೆಯ ಚಿತ್ರವನ್ನೇ ನಂಬುತ್ತದೆ.

ಕಾಲದ ಈ ಅಪಾಯ ಎಷ್ಟು ದೊಡ್ಡದೆಂಬುದು 2025ರ ಅಕ್ಟೋಬರ್ 20ರ ನಸುಕಿನಲ್ಲಿ ತಿಳಿಯಿತು. ಅಮೆಜಾನ್ ವೆಬ್ ಸರ್ವೀಸಸ್‌ನ ಉತ್ತರ ವರ್ಜೀನಿಯಾ ವಲಯದಲ್ಲಿ ಡೈನಮೊಡಿಬಿಯ ಡಿಎನ್‌ಎಸ್ ವಿಳಾಸಗಳನ್ನು ನಿರ್ವಹಿಸುತ್ತಿದ್ದದ್ದು ಬೇರೊಂದು ಸ್ವಯಂಚಾಲಿತ ವ್ಯವಸ್ಥೆ. ಆದರೆ ತರ್ಕ ಇದೇ. ಅದರ ಒಂದು ಘಟಕ, ತನ್ನ ಯೋಜನೆ ಈಗಾಗಲೇ ಜಾರಿಯಲ್ಲಿರುವುದಕ್ಕಿಂತ ಹೊಸದೇ ಎಂದು ಆರಂಭದಲ್ಲಿ ಒಮ್ಮೆ ಮಾತ್ರ ಪರೀಕ್ಷಿಸಿತು. ಅದರ ಕೆಲಸ ಅಸಾಧಾರಣವಾಗಿ ತಡವಾಯಿತು. ಅಷ್ಟರಲ್ಲಿ ಮತ್ತೊಂದು ಘಟಕ ಇನ್ನೂ ಹೊಸ ಯೋಜನೆಯನ್ನು ಜಾರಿಗೊಳಿಸಿತು. ತಡವಾದ ಘಟಕ ಹಳೆಯದನ್ನು ಅದರ ಮೇಲೆ ಬರೆಯಿತು. ಹಳೆಯ ಯೋಜನೆಗಳನ್ನು ಅಳಿಸುವ ಪ್ರಕ್ರಿಯೆ ಅದನ್ನೂ ಅಳಿಸಿತು. ಆ ಹೆಸರಿಗೆ ಒಂದೂ ಐಪಿ ವಿಳಾಸ ಉಳಿಯಲಿಲ್ಲ. ಜಗತ್ತಿನಾದ್ಯಂತ ಅನೇಕ ಸೇವೆಗಳು ನಿಂತವು. ಷರತ್ತು ಪರೀಕ್ಷಿಸಿದ ಕ್ಷಣದಲ್ಲಿ ಸತ್ಯವೇ ಆಗಿತ್ತು. ಕಾರ್ಯದ ಕ್ಷಣದಲ್ಲಿ ಅಲ್ಲ.

ಆದ್ದರಿಂದ ನಾನು ಪಾಲಿಸುವ ನಿಯಮಗಳು ಇವು. ಪ್ಯಾಕೇಜಿನ ಹೆಸರಿನಂಥ ವ್ಯತ್ಯಾಸಗಳನ್ನು ಷರತ್ತುಗಳಲ್ಲಿ ಹರಡದೆ, ಪ್ರತಿ ಬಳಗಕ್ಕೊಂದು ದತ್ತಾಂಶ ಕಡತದಲ್ಲಿಡಬೇಕು. ಯಾವ ಬಳಗಕ್ಕೂ ಸೇರದ ಯಂತ್ರ ಎದುರಾದರೆ ‘ಅಸರ್ಟ್’ ಅಥವಾ ‘ಫೇಲ್’ ಬಳಸಿ ಕೆಲಸವನ್ನು ಅಲ್ಲಿಯೇ ನಿಲ್ಲಿಸಬೇಕು. ಸ್ಥಿತಿಯನ್ನು ಬದಲಿಸುವ ಹೆಜ್ಜೆಯ ಬಳಿಕ ‘ಸೆಟಪ್’ ಮಾಡ್ಯೂಲಿನಿಂದ ಫ್ಯಾಕ್ಟ್‌ಗಳನ್ನು ಮತ್ತೆ ಸಂಗ್ರಹಿಸಬೇಕು. ಅಳಿಸುವ ಕೆಲಸವಿದ್ದರಂತೂ ಅದಕ್ಕೆ ತೀರ ಮುನ್ನ ಷರತ್ತನ್ನು ಇನ್ನೊಮ್ಮೆ ಪರೀಕ್ಷಿಸಬೇಕು.